ದಾರಿ ಬದಲಾದಾಗ ದೇವರಲ್ಲಿ ಭರವಸೆ



ನಾವು ಅಂದುಕೊಳ್ಳುವುದು ಒಂದು, ಆಗುವುದು ಇನ್ನೊಂದು. ಮಗನಿಗೆ ಸಿಗಬೇಕಾಗಿದ್ದ ಕೆಲಸ ಕೈತಪ್ಪುತ್ತದೆ. ಗೊತ್ತಾಗಿದ್ದ ಮದುವೆ ಮುರಿದುಬೀಳುತ್ತದೆ. ಮನೆಗೆ ದುಡಿದು ಹಾಕುವವರೇ ಹಾಸಿಗೆ ಹಿಡಿಯುತ್ತಾರೆ. ಆಗ ಕೆಲವರು 'ಎಲ್ಲ ಹಣೆಬರಹ' ಎಂದು ಕೈಚೆಲ್ಲುತ್ತಾರೆ. ಇನ್ನು ಕೆಲವರು 'ನಾನೇನು ಪಾಪ ಮಾಡಿದ್ದೆ?' ಎಂದು ಕೊರಗುತ್ತಾರೆ. ನಮ್ಮ ವಿಶ್ವಾಸ ತೋರಿಸುವ ದಾರಿ ಬೇರೆ. ಅದನ್ನು ಸಂತ ಫ್ರಾನ್ಸಿಸ್ ಝೇವಿಯರರ ಜೀವನದಲ್ಲಿ ಕಾಣೋಣ.

ಹರಕೆಯಲ್ಲಿದ್ದ ಇನ್ನೊಂದು ಮಾತು

1534ರ ಆಗಸ್ಟ್ 15ರಂದು ಪ್ಯಾರಿಸ್ಸಿನಲ್ಲಿ ಇಗ್ನೇಷಿಯಸ್ ಲೊಯೋಲ, ಫ್ರಾನ್ಸಿಸ್ ಮತ್ತು ಐವರು ಸಂಗಾತಿಗಳು ಜೆರುಸಲೇಮಿಗೆ ಹೋಗುವ ಹರಕೆ ಹೊತ್ತರು. ಹೋಗಲಾಗದಿದ್ದರೆ ಪೋಪರು ಹೇಳಿದ ಕಡೆಗೆ ಹೋಗುತ್ತೇವೆ ಎಂಬ ಮಾತೂ ಆ ಹರಕೆಯಲ್ಲಿತ್ತು. 1537ರಲ್ಲಿ ಅವರು ವೆನಿಸ್ಸಿನಲ್ಲಿ ಕಾದರು. ತುರ್ಕರೊಂದಿಗಿನ ಯುದ್ಧದಿಂದಾಗಿ ಯಾತ್ರಿಕರ ಹಡಗು ಹೊರಡಲಿಲ್ಲ. ಅವರು ರೋಮಿನ ದಾರಿ ಹಿಡಿದರು.

1540ರಲ್ಲಿ ಪೋರ್ಚುಗಲ್ಲಿನ ಅರಸರ ಕೋರಿಕೆಯಂತೆ ಭಾರತಕ್ಕೆ ಕಳುಹಿಸಲು ಆರಿಸಿದ್ದು ಫ್ರಾನ್ಸಿಸರನ್ನಲ್ಲ, ಸಿಮೋನ್ ರೊಡ್ರಿಗಸ್ ಮತ್ತು ನಿಕೊಲಾಸ್ ಬೊಬಡಿಲ್ಲಾ ಅವರನ್ನು. ಬೊಬಡಿಲ್ಲಾ ಕಾಯಿಲೆ ಬಿದ್ದರು. ರೋಮಿನಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದ ಫ್ರಾನ್ಸಿಸ್ ಅವರ ಬದಲಿಗೆ ಹೊರಟರು. ರೊಡ್ರಿಗಸರನ್ನು ಅರಸರು ಪೋರ್ಚುಗಲ್ಲಿನಲ್ಲೇ ಉಳಿಸಿಕೊಂಡರು. ಬದಲಿಯಾಗಿ ಬಂದವರೇ 1542ರ ಮೇ 6ರಂದು ಗೋವೆಗೆ ಬಂದಿಳಿದರು.

ಹಾಗಾದರೆ ಬೊಬಡಿಲ್ಲಾರ ಕಾಯಿಲೆಯನ್ನು ದೇವರೇ ತಂದರೇ? ಹಾಗೆ ಹೇಳಬೇಕಾಗಿಲ್ಲ. ದೇವರನ್ನು ಪ್ರೀತಿಸುವವರಿಗೆ ಎಲ್ಲದರಲ್ಲಿಯೂ ದೇವರು ಒಳಿತನ್ನು ಸಾಧಿಸುತ್ತಾರೆಂದು ಸಂತ ಪೌಲರು ಕಲಿಸುತ್ತಾರೆ (ರೋಮ 8:28). ನಡೆಯುವುದೆಲ್ಲ ಒಳಿತೆಂದು ಅದರ ಅರ್ಥವಲ್ಲ. ಕೆಡುಕಿನ ನಡುವೆಯೂ ದೇವರ ಕೈ ಸೋಲುವುದಿಲ್ಲ ಎಂದು ಅರ್ಥ.

ಬಾರದ ದೋಣಿ

ದಾರಿ ಬದಲಾದರೆ ಮುಂದೆ ಇನ್ನೂ ಒಳ್ಳೆಯದೇ ಸಿಗುತ್ತದೆ ಎಂದು ನಾವು ಸುಲಭವಾಗಿ ಸಮಾಧಾನ ಹೇಳುತ್ತೇವೆ. ಫ್ರಾನ್ಸಿಸರ ಕೊನೆಯ ದಿನಗಳು ಹಾಗಿರಲಿಲ್ಲ. ಚೀನಾಕ್ಕೆ ಹೋಗುವ ಹಂಬಲದಿಂದ ಅವರು ಶಾಂಗ್‌ಚುವಾನ್ ದ್ವೀಪದಲ್ಲಿ ಕಾದರು. ಕರೆದೊಯ್ಯುವೆನೆಂದಿದ್ದ ವರ್ತಕ ಬರಲೇ ಇಲ್ಲ. ಜ್ವರದಿಂದ ಬಳಲಿ 1552ರ ಡಿಸೆಂಬರ್ 3ರಂದು, 46ನೇ ವಯಸ್ಸಿನಲ್ಲಿ, ಅಲ್ಲೇ ತೀರಿಕೊಂಡರು. ಅವರದೇ ಸಭೆಯ ಮತ್ತೆಯೊ ರಿಚ್ಚಿ 1583ರಲ್ಲಿ ಚೀನಾದಲ್ಲಿ ನೆಲೆಯೂರಿದರು. ಅದನ್ನು ಕಾಣಲು ಫ್ರಾನ್ಸಿಸ್ ಇರಲಿಲ್ಲ.

ಫಲ ಕಂಡ ಮೇಲೆ ನಂಬುವುದು ಕಷ್ಟವಲ್ಲ. ಫಲ ಕಾಣುವ ಮೊದಲೇ ದೇವರ ಕೈ ಹಿಡಿದುಕೊಳ್ಳುವುದೇ ಭರವಸೆ.

ನಾವೇನು ಮಾಡೋಣ?

ಯೋಜನೆ ಹಾಕುವುದು ತಪ್ಪಲ್ಲ. ಆದರೆ ಆ ಹರಕೆಯಂತೆ ನಮ್ಮ ಯೋಜನೆಯಲ್ಲೂ 'ಆಗದಿದ್ದರೆ, ನೀವು ತೋರಿಸಿದ ಕಡೆಗೆ' ಎಂಬ ಮಾತಿರಲಿ. ದುಃಖವನ್ನು ಬಚ್ಚಿಡಬೇಡಿ, ಯೇಸುಸ್ವಾಮಿ ಗೆತ್ಸೆಮನಿ ತೋಪಿನಲ್ಲಿ ತಮ್ಮ ಸಂಕಟವನ್ನು ತಂದೆಗೆ ಹೇಳಿಕೊಂಡೇ ಅವರ ಚಿತ್ತಕ್ಕೆ ತಲೆಬಾಗಿದರು. ಹತ್ತು ವರ್ಷದ ಮುಂದಿನದು ತಿಳಿಯದಿದ್ದರೂ ಇಂದಿನ ಕರ್ತವ್ಯ ನಮಗೆ ತಿಳಿದಿದೆ. ಅದನ್ನು ಮಾಡೋಣ. ಕಷ್ಟದಲ್ಲಿರುವ ನೆರೆಮನೆಯವರಿಗೆ ಉಪದೇಶ ಮಾಡುವ ಬದಲು ಅವರ ಜೊತೆ ಕುಳಿತು ಒಂದು ಜಪಸರ ಪ್ರಾರ್ಥಿಸೋಣ.

ಕುಟುಂಬದ ಚಿಂತನೆಗೆ

1. ನಮ್ಮ ಮನೆಯಲ್ಲಿ ಯಾವ ಯೋಜನೆ ಕೈಗೂಡಲಿಲ್ಲ? ಅದರ ಬಗ್ಗೆ ದೇವರೊಡನೆ ಮನಬಿಚ್ಚಿ ಮಾತಾಡಿದ್ದೇವೆಯೇ?
2. ಇಂದು ದೇವರು ನಮ್ಮ ಮುಂದಿಟ್ಟಿರುವ ಚಿಕ್ಕ ಕೆಲಸ ಯಾವುದು?

ಪ್ರಾರ್ಥನೆ: ಸ್ವರ್ಗದಲ್ಲಿರುವ ತಂದೆಯೇ, ಮುಂದಿನ ದಾರಿ ನಮಗೆ ಕಾಣುತ್ತಿಲ್ಲ. ಇಂದು ಇಡಬೇಕಾದ ಹೆಜ್ಜೆಗೆ ಬಲ ಕೊಡಿ. ನಮ್ಮ ಮನೆಯವರೆಲ್ಲರನ್ನೂ ನಿಮ್ಮ ಕೈಗೆ ಒಪ್ಪಿಸುತ್ತೇವೆ. ಆಮೆನ್.