ಕಂಬದ ಬುಡ

ಮಲೆನಾಡಿನ ಹಳೆಯ ತೊಟ್ಟಿಮನೆಗಳ ಜೀರ್ಣೋದ್ಧಾರದಲ್ಲಿ ಆಯುಷ್ಯದ ಬಹುಭಾಗವನ್ನು ಕಳೆದಿರುವ ನನಗೆ ದೃಢವಾಗಿ ಮನದಟ್ಟಾಗಿರುವ ಸಂಗತಿಯೆಂದರೆ, ಒಳಹೊಕ್ಕು ಹೊರಬರಲು ದಾರಿ ಕಾಣದ ನೀರು ಮರದ ಮನೆಯನ್ನು ಕಾಲಕ್ಕಿಂತಲೂ ಬೇಗ ಕೆಡಿಸುತ್ತದೆ. ಆ ನೀರಿನ ಮಾರ್ಗವನ್ನು ಅರಿಯದೆ ಉಳಿ ಹಿಡಿಯತಕ್ಕದ್ದಲ್ಲ. ಮರದ ತೇವಾಂಶವು ನೂರಕ್ಕೆ 20ನ್ನು ಮೀರದಿದ್ದರೆ ಅದನ್ನು ಕೊಳೆಯಿಸುವ ಶಿಲೀಂಧ್ರಕ್ಕೆ ಅಲ್ಲಿ ಬಾಳುವೆಯಿಲ್ಲ. ಪೂರ್ವಿಕರು ಇದನ್ನು ಅನುಭವದಿಂದಲೇ ಕಂಡುಕೊಂಡಿದ್ದರು: 1791ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪುವಿನ ಅರಮನೆಯ ಮರದ ಕಂಬಗಳಾಗಲಿ, ತೀರ್ಥಹಳ್ಳಿಯ ಕಡೆಯ ಸಾಮಾನ್ಯ ಗೃಹಸ್ಥನ ಪಡಸಾಲೆಯ ಹಲಸಿನ ಕಂಬಗಳಾಗಲಿ, ಕಲ್ಲಿನ ಪೀಠವನ್ನೇರಿ ನಿಂತಿರುವುದು ನೆಲದ ತೇವ ತಮ್ಮನ್ನು ಮುಟ್ಟದಿರಲೆಂದೇ.

ಅಂಥದೊಂದು ಮನೆಯಲ್ಲಿ ತೊಟ್ಟಿಯ ಕಡೆಗೆ ಮಾಡು ಜಗ್ಗಿತ್ತು. ಮೂಲೆಯ ಕಂಬವನ್ನು ಕೊಡತಿಯಿಂದ ತಟ್ಟುತ್ತ ಇಳಿದರೆ, ಬೋದಿಗೆಯಿಂದ ಮೊಣಕಾಲೆತ್ತರದವರೆಗೆ ತುಂಬಿದ ನಾದ. ಅಲ್ಲಿಂದ ಕೆಳಗೆ ಪೊಳ್ಳು ಸದ್ದು. ಬಣ್ಣ ಬಳಿದಿದ್ದ ಆ ಬುಡದೊಳಕ್ಕೆ ಉಳಿ ನಾಲ್ಕು ಬೆರಳು ತಡೆಯಿಲ್ಲದೆ ಇಳಿಯಿತು. ಹಿಂದೆ ಯಾರೋ ನೆಲವನ್ನು ಎತ್ತರಿಸಿ ಸಿಮೆಂಟು ಹಾಕಿಸಿದ್ದರಿಂದ ಪೀಠವು ಹೂತುಹೋಗಿ, ಮಣ್ಣಿನ ನೆಲವಿದ್ದಾಗ ತಾನಾಗಿ ಆರುತ್ತಿದ್ದ ತೇವವು ಈಗ ಕಂಬವನ್ನೇ ಬತ್ತಿಯನ್ನಾಗಿ ಮಾಡಿಕೊಂಡು ಮೇಲೇರಿತ್ತು.

“ಹೊಸ ಕಂಬವನ್ನೇ ನಿಲ್ಲಿಸಿಬಿಡಿ ಆಚಾರ್ರೆ,” ಎಂದರು ಮನೆಯ ಯಜಮಾನರು.

“ಮೇಲಿನ ಮರ ಇನ್ನೂ ಗಟ್ಟಿ ಇದೆ ಗೌಡ್ರೆ. ಕಾಲು ಕೆಟ್ಟಿತು ಅಂತ ಆಳನ್ನೇ ಹೊರಗೆ ಹಾಕೋದಾ?” ಎಂದರು ವೃದ್ಧರಾದ ಆಚಾರ್ರು. ಆ ಮಾತಿಗೆ ನನ್ನ ಸಂಪೂರ್ಣ ಸಮ್ಮತಿಯಿತ್ತು. ಪುರಾತನ ಮನೆಯ ಒಂದೊಂದು ಕಂಬದಲ್ಲಿಯೂ ಅದನ್ನು ಕೆತ್ತಿದ ಕೈಗಳ ವಿದ್ಯೆ ಉಳಿದಿರುವುದರಿಂದ, ಕೊಳೆತಷ್ಟನ್ನು ಮಾತ್ರ ತೆಗೆಯುವ ಸಂಯಮವು ಈ ಕೆಲಸದ ಪ್ರಥಮ ಧರ್ಮವೆಂದು ನಾನು ನಂಬಿದ್ದೇನೆ.

ಆದುದರಿಂದ ತೊಲೆಗೆ ಊರೆ ಕೊಟ್ಟು, ಸಿಮೆಂಟನ್ನು ಒಡೆದು, ಬೇಸಿಗೆಯೊಂದು ಕಳೆಯುವವರೆಗೆ ಬುಡವನ್ನು ಗಾಳಿಗೆ ಬಿಟ್ಟೆವು. ಅನಂತರ ಹಳೆಯ ಕೊಟ್ಟಿಗೆಯೊಂದರಿಂದ ದೊರೆತ, ಚೆನ್ನಾಗಿ ಒಣಗಿದ ಹಲಸಿನ ತುಂಡನ್ನು, ನಾರು ಮೇಲಿನ ಮರದ ನಾರಿನ ದಿಕ್ಕಿಗೇ ಹೊಂದುವಂತೆ ಇಟ್ಟು, ಕಂಬದ ಅಗಲದ ಮೂರರಷ್ಟು ಉದ್ದದ ಓರೆಬೆಸುಗೆಯಿಂದ ಕೂಡಿಸಿ, ಮರದ ಗೂಟಗಳನ್ನೇ ಬಡಿದೆವು. ಕಬ್ಬಿಣದ ಬೋಲ್ಟು ತೇವದಲ್ಲಿ ತುಕ್ಕು ಹಿಡಿದು ಉಬ್ಬಿದರೆ ಸುತ್ತಣ ಮರವನ್ನು ಸೀಳುತ್ತದೆ. ಗೋಡೆಯೊಳಗೆ ಹೊಕ್ಕ ತೊಲೆಯ ತುದಿಗಳ ಸುತ್ತ ಗಾಳಿಯಾಡಲು ಸಂದು ಬಿಟ್ಟು, ಗೋಡೆಗೆ ಸುಣ್ಣದ ಗಾರೆಯನ್ನೇ ಬಳಿಸಿದೆವು.

ಈಗ ಯಾರ ಮನೆಯಿಂದ ಕರೆ ಬಂದರೂ ಮೊದಲ ಭೇಟಿಯನ್ನು ಆಷಾಢದ ಮಳೆಯಲ್ಲಿಯೇ ಇಟ್ಟುಕೊಳ್ಳುತ್ತೇನೆ; ಯಾವ ಹೆಂಚು ಸರಿದಿದೆ, ಮಾಡುಗಳೆರಡು ಕೂಡುವ ಮೂಲೆಯಿಂದ ನೀರು ಯಾವ ಪಕಾಸಿಯನ್ನು ಹಿಡಿದು ಇಳಿಯುತ್ತದೆ, ಅಂಗಳದ ಕಾಲುವೆ ಎಲ್ಲಿ ಕಟ್ಟಿಕೊಂಡಿದೆ ಎಂಬುದನ್ನೆಲ್ಲ ಬೇಸಿಗೆಯ ಮಧ್ಯಾಹ್ನದಲ್ಲಿ ಎಷ್ಟು ಹುಡುಕಿದರೂ ಕಾಣಲಾಗದು.