ಪುರಾತನ ಮಂದಿರಕ್ಕೆ ನೂತನ ಹವಾನಿಯಂತ್ರಣ

ಹವಾನಿಯಂತ್ರಣವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಮನುಷ್ಯನ ಸುಖ. ಬೇಸಗೆಯಲ್ಲಿ ತಂಪು, ಚಳಿಗಾಲದಲ್ಲಿ ಬೆಚ್ಚನೆಯ ಹವೆ, ಇಷ್ಟೇ ಅದರ ಉದ್ದೇಶವೆಂದು ನಾವು ಭಾವಿಸುತ್ತೇವೆ. ಆದರೆ ಈ ಯಂತ್ರದ ಜನ್ಮವೃತ್ತಾಂತವೇ ಬೇರೆ. ಅಮೆರಿಕದ ಬ್ರೂಕ್ಲಿನ್‌ನಲ್ಲಿದ್ದ ಒಂದು ಮುದ್ರಣಾಲಯದಲ್ಲಿ ಕಾಗದವು ತೇವದ ದಿನಗಳಲ್ಲಿ ಹಿಗ್ಗಿ, ಒಣ ದಿನಗಳಲ್ಲಿ ಕುಗ್ಗುತ್ತಿತ್ತು. ಒಂದರ ಮೇಲೊಂದು ಅಚ್ಚಾಗಬೇಕಾದ ಬಣ್ಣಗಳು ಇದರಿಂದ ಸ್ಥಾನ ತಪ್ಪುತ್ತಿದ್ದವು. ಇದಕ್ಕೆ ಪರಿಹಾರವಾಗಿ ವಿಲ್ಲಿಸ್ ಕ್ಯಾರಿಯರ್ ಎಂಬ ತರುಣ ಇಂಜಿನಿಯರು ೧೯೦೨ರಲ್ಲಿ ರೂಪಿಸಿದ ಸಾಧನವೇ ಇಂದಿನ ಹವಾನಿಯಂತ್ರಣದ ಮೂಲ. ಅದು ಹುಟ್ಟಿದ್ದು ಮನುಷ್ಯನಿಗಾಗಿ ಅಲ್ಲ, ಕಾಗದಕ್ಕಾಗಿ.

ಹೀಗೆ ನಿರ್ಜೀವ ವಸ್ತುವಿನ ರಕ್ಷಣೆಗೆಂದು ಹುಟ್ಟಿದ ಯಂತ್ರವನ್ನು ಐದು ಶತಮಾನಗಳಷ್ಟು ಹಳೆಯ ಮಂದಿರವೊಂದರಲ್ಲಿ ಅಳವಡಿಸಿದ ಬಗೆಯನ್ನು ಇಲ್ಲಿ ನೋಡೋಣ. ಅದು ರೋಮ್ ನಗರದ ನಡುವೆ ಇರುವ ವ್ಯಾಟಿಕನ್‌ನ ಸಿಸ್ಟೈನ್ ಪ್ರಾರ್ಥನಾ ಮಂದಿರ.

ಮಂದಿರವೂ ಅದರ ಚಿತ್ರಗಳೂ

ಈ ಮಂದಿರದ ಉದ್ದ ಸುಮಾರು ೪೧ ಮೀಟರು, ಅಗಲ ೧೩ ಮೀಟರಿಗಿಂತ ಸ್ವಲ್ಪ ಹೆಚ್ಚು, ಎತ್ತರ ಸುಮಾರು ೨೦ ಮೀಟರು. ಮೈಕೆಲೇಂಜೆಲೊ ಇದರ ಕಮಾನು ಛಾವಣಿಯನ್ನು ೧೫೦೮ರಿಂದ ೧೫೧೨ರವರೆಗೆ ಚಿತ್ರಿಸಿದನು. ೧೫೩೬ರಿಂದ ೧೫೪೧ರವರೆಗೆ ಪೀಠದ ಹಿಂದಣ ಗೋಡೆಯ ಮೇಲೆ ‘ಅಂತಿಮ ತೀರ್ಪು’ ಎಂಬ ಮಹಾಚಿತ್ರವನ್ನು ಬರೆದನು.

ಇವು ಫ್ರೆಸ್ಕೋ ಎಂಬ ವಿಧಾನದ ಚಿತ್ರಗಳು. ಸುಣ್ಣದ ಗಾರೆ ಇನ್ನೂ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣವನ್ನು ಅದರ ಮೇಲೆ ಹಚ್ಚುತ್ತಾರೆ. ಗಾರೆಯಲ್ಲಿರುವ ಅರಳಿದ ಸುಣ್ಣವು ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಅನಿಲವನ್ನು ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಎಂದರೆ ಮತ್ತೆ ಸುಣ್ಣದ ಕಲ್ಲಾಗುತ್ತದೆ. ಬಣ್ಣದ ಕಣಗಳು ಆ ಕಲ್ಲಿನ ಹೊರಪದರದಲ್ಲಿಯೇ ಸೆರೆಯಾಗುತ್ತವೆ. ಆದುದರಿಂದಲೇ ಫ್ರೆಸ್ಕೋ ಚಿತ್ರಗಳು ಶತಮಾನಗಳ ಕಾಲ ಬಾಳುತ್ತವೆ.

ಕಟ್ಟಿದ ಅನಿಲವೇ ಕೆಡಿಸುವುದು

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ಚಿತ್ರವನ್ನು ಕಲ್ಲಾಗಿಸಿದ ಕಾರ್ಬನ್ ಡೈಆಕ್ಸೈಡೇ ನೀರಿನೊಡನೆ ಸೇರಿದಾಗ ಅದಕ್ಕೆ ಶತ್ರುವಾಗುತ್ತದೆ. ನೀರಿನಲ್ಲಿ ಕರಗಿದ ಈ ಅನಿಲವು ದುರ್ಬಲವಾದ ಆಮ್ಲವಾಗಿ, ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಬಲ್ಲ ಬೈಕಾರ್ಬೊನೇಟ್ ಆಗಿ ಮಾರ್ಪಡಿಸುತ್ತದೆ. ನೀರು ಆರಿದೊಡನೆ ಅದು ಪುನಃ ಕಾರ್ಬೊನೇಟ್ ಆಗಿ, ಚಿತ್ರದ ಮೇಲೆ ಬಿಳಿಯ ಪುಡಿಯಂತೆ ಉಳಿಯುತ್ತದೆ. ಸುಣ್ಣಕಲ್ಲಿನ ಗುಹೆಗಳಲ್ಲಿ ಜೋತುಬಿದ್ದ ಕಲ್ಲಿನ ಕಡ್ಡಿಗಳು ಬೆಳೆಯುವುದೂ ಇದೇ ಕ್ರಿಯೆಯಿಂದ. ಇಂಥ ಬಿಳಿಯ ಪುಡಿಯು ಸಿಸ್ಟೈನ್ ಮಂದಿರದ ಚಿತ್ರಗಳ ಮೇಲೆ ೨೦೧೦ರಲ್ಲಿ ಕಂಡುಬಂದಿತು.

ಹಾಗಾದರೆ ನೀರೂ ಅನಿಲವೂ ಎಲ್ಲಿಂದ ಬಂದುವು? ಚಿತ್ರವನ್ನು ನೋಡಲು ಬಂದವರ ಉಸಿರಿನಿಂದ, ಮೈಬೆವರಿನಿಂದ!

ಸ್ವಲ್ಪ ಲೆಕ್ಕ ಹಾಕೋಣ. ನಿಂತಿರುವ ಒಬ್ಬ ಮನುಷ್ಯನು ಸುಮಾರು ೧೦೦ ವಾಟ್ ಶಾಖವನ್ನು ಹೊರಗೆಡಹುತ್ತಾನೆ. ಗಂಟೆಗೆ ಸುಮಾರು ೫೦ ಗ್ರಾಂ ನೀರಾವಿಯನ್ನೂ ೨೦ ಲೀಟರ್ ಕಾರ್ಬನ್ ಡೈಆಕ್ಸೈಡನ್ನೂ ಗಾಳಿಗೆ ಸೇರಿಸುತ್ತಾನೆ. ಮಂದಿರದಲ್ಲಿ ಏಕಕಾಲದಲ್ಲಿ ೨,೦೦೦ ಜನರಿದ್ದರೆ ಶಾಖವು ೨೦೦ ಕಿಲೋವಾಟ್ ಆಯಿತು. ನೀರಾವಿಯು ಗಂಟೆಗೆ ೧೦೦ ಕಿಲೋಗ್ರಾಂ ಆಯಿತು. ಮಂದಿರದ ಒಳಗಿನ ಗಾಳಿ ಸುಮಾರು ೧೦,೦೦೦ ಘನ ಮೀಟರು. ೨೦ ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಶೇಕಡ ೫೦ರಷ್ಟು ಸಾಪೇಕ್ಷ ಆರ್ದ್ರತೆಯಲ್ಲಿ, ಅಷ್ಟು ಗಾಳಿಯಲ್ಲಿರುವ ನೀರಾವಿಯೆಲ್ಲ ಸೇರಿ ೮೬ ಕಿಲೋಗ್ರಾಂ ಮಾತ್ರ. ಎಂದರೆ ಪ್ರೇಕ್ಷಕರು ಒಂದು ಗಂಟೆಯಲ್ಲಿ ಅದಕ್ಕಿಂತ ಹೆಚ್ಚಿನ ನೀರನ್ನು ಹೊತ್ತು ತಂದಂತಾಯಿತು. ಗಾಳಿಯನ್ನು ಬದಲಿಸದೆ ಬಿಟ್ಟರೆ ಕಾರ್ಬನ್ ಡೈಆಕ್ಸೈಡ್ ಒಂದು ಗಂಟೆಯಲ್ಲಿ ದಶಲಕ್ಷಕ್ಕೆ ೪,೦೦೦ ಭಾಗಗಳಷ್ಟು ಏರುತ್ತದೆ.

ಗಾಳಿಯನ್ನು ಒಣಗಿಸುವ ಬಗೆ

ಗಾಳಿಯು ಬೆಚ್ಚಗಾದಷ್ಟೂ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಬಲ್ಲುದು. ಆ ಉಷ್ಣತೆಯಲ್ಲಿ ಅದು ಹಿಡಿಯಬಹುದಾದ ಪ್ರಮಾಣದಲ್ಲಿ ನಿಜವಾಗಿ ಇರುವುದು ಶೇಕಡ ಎಷ್ಟು ಎಂಬುದೇ ಸಾಪೇಕ್ಷ ಆರ್ದ್ರತೆ. ಗಾಳಿಯನ್ನು ತಂಪುಮಾಡುತ್ತ ಹೋದರೆ ಒಂದು ಹಂತದಲ್ಲಿ ಅದು ಪೂರ್ಣವಾಗಿ ತುಂಬಿ, ಹೆಚ್ಚಿನ ಆವಿಯು ನೀರಾಗಿ ಹೊರಬೀಳುತ್ತದೆ. ಈ ಉಷ್ಣತೆಗೆ ಇಬ್ಬನಿ ಬಿಂದು ಎಂದು ಹೆಸರು. ತಣ್ಣೀರು ತುಂಬಿದ ಲೋಟದ ಹೊರಮೈ ಬೆವರುವುದನ್ನು ಯಾರು ತಾನೆ ಕಂಡಿಲ್ಲ? ೨೫ ಡಿಗ್ರಿ ಉಷ್ಣತೆ, ಶೇಕಡ ೬೦ ಆರ್ದ್ರತೆ ಇರುವ ಗಾಳಿಯ ಇಬ್ಬನಿ ಬಿಂದು ಸುಮಾರು ೧೭ ಡಿಗ್ರಿ. ಚಿತ್ರವಿರುವ ಗೋಡೆ ಅದಕ್ಕಿಂತ ತಣ್ಣಗಿದ್ದರೆ ಗೋಡೆಯೂ ಲೋಟದಂತೆಯೇ ಬೆವರುತ್ತದೆ.

ಆದುದರಿಂದ ಇಲ್ಲಿ ತಂಪು ಮಾಡುವುದೊಂದೇ ಸಾಲದು, ಕಾಯಿಸುವುದೊಂದೇ ಸಾಲದು. ಮೇಲೆ ಹೇಳಿದ ಗಾಳಿಯನ್ನು ತಣ್ಣನೆಯ ಕೊಳವೆಗಳ ಮೇಲೆ ಹಾಯಿಸಿ ೧೨ ಡಿಗ್ರಿಗೆ ಇಳಿಸಿದರೆ ಪ್ರತಿ ಘನ ಮೀಟರಿನಿಂದ ಮೂರು ಗ್ರಾಂಗೂ ಹೆಚ್ಚು ನೀರು ತೊಟ್ಟಿಕ್ಕಿ ಹೋಗುತ್ತದೆ. ಆದರೆ ಉಳಿದ ಗಾಳಿ ಈಗಲೂ ಪೂರ್ಣ ತುಂಬಿದ ಸ್ಥಿತಿಯಲ್ಲಿಯೇ ಇದೆ. ಅದನ್ನು ೨೨ ಡಿಗ್ರಿಗೆ ಕಾಯಿಸಿದಾಗ ಆರ್ದ್ರತೆ ಸುಮಾರು ಶೇಕಡ ೫೩ಕ್ಕೆ ಇಳಿಯುತ್ತದೆ. ಮೊದಲು ತಂಪು, ಅನಂತರ ಶಾಖ: ಗಾಳಿಯನ್ನು ಹಿಂಡಿ ಒಣಗಿಸುವ ಗುಟ್ಟು ಇದು.

ಸ್ಥಿರತೆಯ ಪಾಠ

ಆರ್ದ್ರತೆ ಕಡಮೆಯಾದಷ್ಟೂ ಒಳ್ಳೆಯದೆಂದು ತಿಳಿಯಬಾರದು. ಅದು ಮೇಲಿಂದ ಮೇಲೆ ಏರಿಳಿಯದಿರುವುದೇ ಮುಖ್ಯ. ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ನ್ಯಾಷನಲ್ ಗ್ಯಾಲರಿಯ ಚಿತ್ರಗಳನ್ನು ಬಾಂಬುಗಳಿಂದ ಕಾಪಾಡಲು ವೇಲ್ಸ್ ಪ್ರಾಂತದ ಮ್ಯಾನೋಡ್ ಎಂಬಲ್ಲಿನ ಕಲ್ಲುಗಣಿಯೊಳಗೆ ಇರಿಸಿದ್ದರು. ಅಲ್ಲಿ ಉಷ್ಣತೆಯನ್ನು ೧೭ ಡಿಗ್ರಿಯಲ್ಲಿ, ಆರ್ದ್ರತೆಯನ್ನು ಶೇಕಡ ೪೨ರಲ್ಲಿ ಸ್ಥಿರವಾಗಿ ಕಾದಿರಿಸಲಾಗಿತ್ತು. ಮರದ ಹಲಗೆಯ ಚಿತ್ರಗಳಿಂದ ಬಣ್ಣ ಏಳುವುದು ಅಲ್ಲಿ ಬಹಳ ಕಡಮೆಯಾಯಿತು. ಈ ಅನುಭವದ ಫಲವಾಗಿ ೧೯೪೯ರಲ್ಲಿ ಆ ಹಳೆಯ ಗ್ಯಾಲರಿಗೆ ಮೊದಲ ಬಾರಿಗೆ ಹವಾನಿಯಂತ್ರಣ ಬಂದಿತು.

ಕಾಣದಂತೆ, ಕೇಳದಂತೆ

ಸಿಸ್ಟೈನ್ ಮಂದಿರಕ್ಕೆ ೧೯೯೦ರ ದಶಕದ ಆರಂಭದಲ್ಲಿಯೇ ಒಂದು ಹವಾನಿಯಂತ್ರಣ ವ್ಯವಸ್ಥೆ ಬಂದಿತ್ತು. ಆದರೆ ಅದನ್ನು ರೂಪಿಸಿದ್ದು ಏಕಕಾಲದಲ್ಲಿ ೭೦೦ ಜನರಿಗೆಂದು. ಪ್ರೇಕ್ಷಕರ ಸಂಖ್ಯೆ ಅದನ್ನು ಮೀರಿ ಬೆಳೆದುದರಿಂದ ೨೦೧೪ರಲ್ಲಿ ಹೊಸ ವ್ಯವಸ್ಥೆಯನ್ನು ಸ್ಥಾಪಿಸಲಾಯಿತು. ಕ್ಯಾರಿಯರ್ ಸ್ಥಾಪಿಸಿದ ಕಂಪನಿಯೇ ಇದನ್ನು ರೂಪಿಸಿದ್ದು ಕುತೂಹಲಕರ. ಇದರ ಸಾಮರ್ಥ್ಯ ಹಿಂದಿನದರ ಮೂರರಷ್ಟು. ೫೮೦ ಕಿಲೋವಾಟ್ ಶಾಖವನ್ನು ಹೊರಹಾಕಬಲ್ಲ ಎರಡು ಶೀತಲ ಯಂತ್ರಗಳು ಇದರಲ್ಲಿವೆ. ಉಷ್ಣತೆ ೨೦ರಿಂದ ೨೫ ಡಿಗ್ರಿ, ಆರ್ದ್ರತೆ ಶೇಕಡ ೫೦ರಿಂದ ೬೦, ಕಾರ್ಬನ್ ಡೈಆಕ್ಸೈಡ್ ದಶಲಕ್ಷಕ್ಕೆ ೮೦೦ ಭಾಗಗಳೊಳಗೆ: ಇವು ಅದಕ್ಕೆ ವಿಧಿಸಿದ ಎಲ್ಲೆಗಳು.

ಹೊಸ ಕಟ್ಟಡದಲ್ಲಾದರೆ ಇಂಜಿನಿಯರು ಬೇಕಾದಲ್ಲಿ ಗೋಡೆ ಕೊರೆದು ಕೊಳವೆ ಹಾಯಿಸಬಹುದು. ಇಲ್ಲಿ ಗೋಡೆಯೇ ಚಿತ್ರ. ಆದುದರಿಂದ ಯಂತ್ರಗಳು ಮಂದಿರದ ಹೊರಗೆ ಉಳಿಯಬೇಕು. ಸದ್ದೂ ಕಂಪನವೂ ಒಳಗೆ ಬರಬಾರದು. ಗಾಳಿಯು ಚಿತ್ರಗಳಿಗೆ ರಭಸದಿಂದ ತಾಗಬಾರದು. ತಾಗಿದರೆ ಧೂಳು ಅಂಟುತ್ತದೆ, ಮೇಲ್ಮೈ ಒಂದೆಡೆ ಮಾತ್ರ ಬೇಗ ಒಣಗುತ್ತದೆ. ಜನಸಂದಣಿಯನ್ನು ಕ್ಯಾಮೆರಾಗಳಿಂದ ಅಳೆದು, ಗಾಳಿ ಕೆಡುವುದಕ್ಕೆ ಮುನ್ನವೇ ಯಂತ್ರವು ತನ್ನ ವೇಗವನ್ನು ಹೊಂದಿಸಿಕೊಳ್ಳುವ ಏರ್ಪಾಡನ್ನು ಮಾಡಲಾಗಿದೆ.

ಇಷ್ಟಾದರೂ ಯಂತ್ರದ ಶಕ್ತಿಗೆ ಒಂದು ಮಿತಿಯುಂಟು. ಏಕಕಾಲಕ್ಕೆ ಒಳಗಿರಬಹುದಾದವರು ೨,೦೦೦ ಎಂಬುದೇ ಆ ಮಿತಿ. ಬಾಗಿಲು ಮುಚ್ಚಿದರೆ ಚಿತ್ರ ಉಳಿದೀತು, ನೋಡುವವರಿಲ್ಲ. ಎಲ್ಲರನ್ನೂ ಒಮ್ಮೆಗೇ ಬಿಟ್ಟರೆ ಇಂದಿನವರು ನೋಡಿಯಾರು, ಮುಂದಿನವರಿಗೆ ಉಳಿಯದು. ಈ ಎರಡರ ನಡುವಣ ದಾರಿಯನ್ನು ಆರಿಸಲು ಯಂತ್ರಜ್ಞಾನದ ಜೊತೆಗೆ ವಿವೇಕವೂ ಬೇಕು.

ವಿದ್ಯಾರ್ಥಿಗಳು ತಮ್ಮ ತರಗತಿಯ ಕೋಣೆಯ ಉದ್ದ, ಅಗಲ, ಎತ್ತರಗಳನ್ನು ಅಳೆದು, ಅಲ್ಲಿ ಕುಳಿತಿರುವವರ ಸಂಖ್ಯೆಯನ್ನು ಹಿಡಿದು, ಮೇಲಿನ ಲೆಕ್ಕವನ್ನೇ ಮಾಡಿ ನೋಡಲಿ. ಕಿಟಕಿಯನ್ನು ತೆರೆದಿಡಬೇಕೆಂದು ಉಪಾಧ್ಯಾಯರು ಹೇಳುವುದೇಕೆ ಎಂಬುದು ಆಗ ಅಂಕಿಗಳಿಂದಲೇ ಮನದಟ್ಟಾಗುವುದು.