ಹಳೇ ಡಿಸ್ಕಿನಲ್ಲಿ ಉಳಿಯುವ ರೊಕ್ಕ

ಹಾನಗಲ್ಲಿನ ನನ್ನ ಡಿಟಿಪಿ ಅಂಗಡಿಗೆ ಹೊಸ ಕಂಪ್ಯೂಟರಿನ ಕೊಟೇಶನ್ ಕೇಳಿದಾಗ ಶಿಗ್ಗಾವಿಯ ಅಸೆಂಬ್ಲಿ ಹುಡುಗ ಹೇಳಿದ: "ಹಳೇ ಎಸ್‌ಎಸ್‌ಡಿ ಚೊಲೋ ಐತ್ರಿ ಸರ್. ಅದನ್ನ ಹಾಕಿದ್ರ ವಿಂಡೋಸ್ ರೊಕ್ಕಾನೂ ಉಳೀತೈತಿ."

ಎಲ್ಲರಿಗೂ ಉಳಿಯುವುದಿಲ್ಲ. ಬ್ರ್ಯಾಂಡೆಡ್ ಕಂಪ್ಯೂಟರಿನ ಜೊತೆ ಬಂದ ಒಇಎಂ ಲೈಸೆನ್ಸ್ ಅದರ ಮದರ್‌ಬೋರ್ಡಿಗೇ ಕಟ್ಟುಬಿದ್ದಿರುತ್ತದೆ. ಡಿಸ್ಕ್ ಬೇರೆ ಬೋರ್ಡಿಗೆ ಹೋದರೆ ವಿಂಡೋಸ್ ತೆರೆದುಕೊಂಡರೂ ಆ್ಯಕ್ಟಿವೇಟ್ ಆಗದು. ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್ ಮಾತ್ರ ನಮ್ಮ ಹಿಂದೆ ಬರುತ್ತದೆ. ಹಳೇ ಯಂತ್ರ ಓಡುತ್ತಿರುವಾಗಲೇ ಅದನ್ನು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿಡಬೇಕು. ನನ್ನದು ರಿಟೇಲ್, ಖರ್ಚು ತಪ್ಪಿತು. ಹಿರೇಕೆರೂರಿನ ಗೆಳೆಯರದು ಒಇಎಂ. ಹೊಸ ಲೈಸೆನ್ಸಿನ ಹಣವನ್ನು ಮೊದಲೇ ಲೆಕ್ಕಕ್ಕೆ ಹಿಡಿದರು. ಕೆಲವೇ ನೂರು ರೂಪಾಯಿಗೆ ಸಿಗುವ 'ಕೀ'ಗಳನ್ನು ವ್ಯಾಪಾರಸ್ಥರು ಮುಟ್ಟಲೇಬಾರದು. ನಾಳೆ ಅದು ನಿಂತರೆ ಕೇಳಲು ಕೈಯಲ್ಲಿ ಬಿಲ್ಲೂ ಇರುವುದಿಲ್ಲ.

ಇದಕ್ಕಿಂತ ದೊಡ್ಡ ಖರ್ಚು ಅಂಗಡಿ ನಿಲ್ಲುವುದು. ಹಳೇ ವಿಂಡೋಸಿನ ಡಿಸ್ಕ್ ಎಂಬಿಆರ್ ಎಂಬ ಹಳೇ ವಿಭಜನೆ ಪದ್ಧತಿಯಲ್ಲಿದ್ದರೆ, ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನವನ್ನು ಮಾತ್ರ ಒಪ್ಪುವ ಹೊಸ ಬೋರ್ಡಿನಲ್ಲಿ ಬೂಟ್ ಆಗದು. ಫೈಲು ಅಳಿಸದೆ ಅದನ್ನು ಜಿಪಿಟಿ ಎಂಬ ಹೊಸ ಪದ್ಧತಿಗೆ ಬದಲಿಸುವ ಸಾಧನ ವಿಂಡೋಸ್ 10ರ 1703ನೇ ಆವೃತ್ತಿಯಿಂದ ಒಳಗೇ ಇದೆ, ಅದಕ್ಕೆ ದುಡ್ಡು ಕೊಡಬೇಕಿಲ್ಲ. ಡಿಸ್ಕಿಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ 48 ಅಂಕಿಗಳ ರಿಕವರಿ ಕೀ ಮೊದಲು ಬರೆದಿಟ್ಟುಕೊಳ್ಳಿ. ಟ್ಯಾಲಿ ಇದ್ದರೆ ಹಳೇ ಯಂತ್ರದಲ್ಲೇ ಲೈಸೆನ್ಸ್ ಸರೆಂಡರ್ ಮಾಡಿ.

ನಾನು ಈ ಕೆಲಸಕ್ಕೆ ಆಷಾಢವನ್ನೇ ಆರಿಸಿಕೊಂಡೆ. ಆಗ ಲಗ್ನಪತ್ರಿಕೆಯ ಆರ್ಡರ್ ಇರುವುದಿಲ್ಲ. ಅಂಗಡಿ ಮುಚ್ಚಿದರೂ ಗಿರಾಕಿ ತಪ್ಪುವುದಿಲ್ಲ. ವೈಶಾಖದಲ್ಲಿ ಇದೇ ಕೆಲಸ ನಿಜಕ್ಕೂ ದುಬಾರಿ. ವರ್ಷಗಟ್ಟಲೆ ಕೂಡಿಟ್ಟ ಪತ್ರಿಕೆಯ ವಿನ್ಯಾಸಗಳು, ನುಡಿ ಫಾಂಟುಗಳು, ಒಂದೊಂದು ಮನೆತನದವರು ಒಪ್ಪಿದ ಒಕ್ಕಣೆ, ಇವೇ ನನ್ನ ದುಡಿಮೆಯ ಬಂಡವಾಳ. ಡಿಸ್ಕ್ ಕೆಟ್ಟರೆ ವಾರಂಟಿಯಲ್ಲಿ ಹೊಸ ಡಿಸ್ಕ್ ಕೊಟ್ಟಾರು, ಇವನ್ನಲ್ಲ. ಹಾಗಾಗಿ 18% ಜಿಎಸ್‌ಟಿ ಸಹಿತ ಇನ್ನೊಂದು ಎಸ್‌ಎಸ್‌ಡಿ ಕೊಂಡು, ಹಳೆಯದರ ಪೂರ್ತಿ ನಕಲನ್ನು ಅದಕ್ಕಿಳಿಸಿ, ಆ ನಕಲನ್ನೇ ಹೊಸ ಯಂತ್ರಕ್ಕೆ ಹಾಕಿಸಿದೆ. ಮೂಲ ಡಿಸ್ಕ್ ಕಪಾಟಿನಲ್ಲಿದೆ.

ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದ್ದರಿಂದ ಹೊಸ ಯಂತ್ರದಲ್ಲಿ 11ಕ್ಕೆ ಏರಿಸುವುದು ಹೇಗೂ ಬೇಕು. ಸವಣೂರಿನ ಪ್ರೆಸ್ಸಿನವರೂ ಈಗ ಯಂತ್ರ ಬದಲಿಸುತ್ತಿದ್ದಾರೆ. ಅವರ ಕೊಟೇಶನ್ನಿನಿಂದ ಬಣ್ಣದ ದೀಪದ ಕ್ಯಾಬಿನೆಟ್ ತೆಗೆಸಿ, ಎರಡನೇ ಡಿಸ್ಕ್ ಸೇರಿಸಿದ್ದೇವೆ.